ಹೊಲಿಗೆ ನಿಲ್ಲುವವರೆಗೆ

ಆಫೀಸಿನಲ್ಲಿ ಅವನಿಗೆ ಚಿಲಕ ಅಂತ ಹೆಸರಿಟ್ಟ ಮಹಾನುಭಾವ ಯಾವತ್ತೋ ಬೇರೆ ಕಂಪನಿಗೆ ಹೋದ. ಹೆಸರು ಮಾತ್ರ ರಾಜೀನಾಮೆ ಕೊಡದೆ ಉಳಿದುಕೊಂಡಿತು. ಬೇರೆಯವರು ಬರೆದ ಪ್ರೋಗ್ರಾಮನ್ನು ಓದಿ ತಪ್ಪು ತೋರಿಸುವುದು ಅವನ ಕೆಲಸದಲ್ಲಿ ಅರ್ಧ. ಓದುವಾಗ ಅವನ ಕಣ್ಣು ಆರಂಭದಲ್ಲಿ ನಿಲ್ಲುತ್ತಲೇ ಇರಲಿಲ್ಲ, ನೆಟ್ಟಗೆ ಕೊನೆಗೆ ಹೋಗುತ್ತಿತ್ತು: ತೆರೆದದ್ದನ್ನು ಮುಚ್ಚಿದ್ದಾರೋ ಇಲ್ಲವೋ. ಒಂದು ಪ್ರೋಗ್ರಾಂ ಇನ್ನೊಂದರ ಜೊತೆ ಮಾತಾಡಬೇಕಾದರೆ ನಡುವೆ ಒಂದು ಸಂಪರ್ಕ ತೆರೆದು ಸಂದೇಶ ಕಳಿಸುತ್ತದೆ. ಮಾತು ಮುಗಿದ ಮೇಲೆ ಅದನ್ನು ಮುಚ್ಚಬೇಕು. ಇದನ್ನೆಲ್ಲ ಮಾಡಿಕೊಡಲು ಯಾರೋ ಪುಣ್ಯಾತ್ಮರು ಮೊದಲೇ ಬರೆದಿಟ್ಟ ಪ್ರೋಗ್ರಾಮುಗಳ ಒಂದು ಲೈಬ್ರರಿ ಇತ್ತು. ಅದರ ಸ್ವಭಾವವನ್ನು ಚಿಲಕ ಪ್ರತಿಯೊಬ್ಬ ಹೊಸಬನಿಗೂ ಮೇಜಿನ ಪಕ್ಕ ನಿಂತು ಹೇಳುತ್ತಿದ್ದ.

"ನೋಡು, ಮುಚ್ಚು ಅಂತ ಹೇಳೋದು ಬೇರೆ, ಮುಚ್ಚಿದ್ದು ಆಯ್ತು ಅನ್ನೋದು ಬೇರೆ. ನೀನು ಮುಚ್ಚು ಅಂದ ಕೂಡ್ಲೇ ಅದು ಹ್ಞೂಂ ಅನ್ನುತ್ತೆ. ಹ್ಞೂಂ ಅಂದ್ರೆ ಕೇಳಿಸ್ಕೊಂಡೆ ಅಂತ ಅಷ್ಟೇ. ಒಳಗೆ ಇನ್ನೂ ಹೋಗದೆ ಕೂತಿರೋ ಸಂದೇಶ ಇರುತ್ವೆ. ಅವನ್ನೆಲ್ಲ ಸಾಗಹಾಕಿ, ಆಮೇಲೆ ನಿನ್ನನ್ನ ಕರೆದು ಆಯ್ತಪ್ಪ ಅನ್ನುತ್ತೆ. ಅಲ್ಲಿವರೆಗೆ ನೀನು ಎದ್ದು ಹೋಗೋ ಹಾಗಿಲ್ಲ. ಹೋದ್ರೆ ಆ ಸಂದೇಶಗಳೆಲ್ಲ ಗಾಳಿಗೆ."

"ಗೊತ್ತು ಸಾರ್," ಅಂದಿದ್ದಳು ಒಬ್ಬಳು, "ನಮ್ಮತ್ತೆ ಫೋನ್ ಇಟ್ಟ ಹಾಗೆ. ಇಡ್ತೀನಿ ಅಂದ್ಮೇಲೆ ಅಸಲು ಮಾತು ಶುರುವಾಗೋದು."

ಇಷ್ಟೆಲ್ಲ ಬಲ್ಲ ಚಿಲಕ ತನ್ನ ಮನೆಯಲ್ಲೇ ಏನು ಮಾಡಿದ ಎಂದು ತಿಳಿಯಬೇಕಾದರೆ ಮೊದಲು ಮನೆಯೊಳಗೆ ಬರಬೇಕು. ಬೀದಿಗೆ ಮುಖಮಾಡಿದ ಕೋಣೆ ಅವನ ಅಣ್ಣನ ಹೊಲಿಗೆ ಅಂಗಡಿ. ಅದರ ಹಿಂದೆ ಬಟ್ಟೆ ಕತ್ತರಿಸುವ ಮೇಜು, ಆಮೇಲೆ ಓಣಿಯಂಥ ಒಂದು ಉದ್ದ ದಾರಿ, ಅಡುಗೆಮನೆ, ಎಲ್ಲದರ ಕೊನೆಗೆ ಅತ್ತಿಗೆಯ ಕೋಣೆ. ಚಿಲಕನದು ಮಹಡಿಯ ಮೇಲಿನ ಒಂಟಿ ಕೋಣೆ. ಮದುವೆಯ ಮಾತು ಬಂದಾಗಲೆಲ್ಲ ಅವನು ಮೆಟ್ಟಿಲು ಹತ್ತಿಬಿಡುತ್ತಿದ್ದ.

ಅಂಗಡಿ ನಡೆಯುತ್ತಿದ್ದದ್ದು ಅಣ್ಣನ ಕೈಯಿಂದ ಮತ್ತು ಅತ್ತಿಗೆಯ ಬಾಯಿಂದ. ಅಣ್ಣ ತಲೆ ಎತ್ತದೆ ಹೊಲಿಯುತ್ತಿದ್ದ. ಗಿರಾಕಿ ಏನು ಹೇಳಿದರೂ ಅವನಿಂದ ಬರುತ್ತಿದ್ದದ್ದು "ಆಯ್ತು, ಆಯ್ತು" ಎಂಬ ಎರಡು ಮಾತು. ತೋಳು ಗಿಡ್ಡ ಮಾಡಿ ಅಂದರೂ ಆಯ್ತು, ನಾಳೆಗೇ ಬೇಕು ಅಂದರೂ ಆಯ್ತು. ಆ ಆಯ್ತುಗಳಲ್ಲಿ ಯಾವುದು ನಿಜಕ್ಕೂ ಆಗುವಂಥದ್ದು ಎಂದು ಗಿರಾಕಿಗೆ ತಿಳಿಸುವುದು, ಬೈದವರನ್ನು ನಗಿಸುವುದು, ನಗುವವರ ಸೊಂಟದ ಅಳತೆಯನ್ನು ಗಟ್ಟಿಯಾಗಿ ಹೇಳದೆ ಇರುವುದು ಅತ್ತಿಗೆಯ ಇಲಾಖೆ. ಅವರಿಗೆ ಒಂದು ರೂಢಿಯಿತ್ತು. ಮಿಷಿನ್ ಓಡುತ್ತಿರುವಾಗ ಗಂಡನ ಜೊತೆ ಮಾತಾಡುತ್ತಿರಲಿಲ್ಲ. ಸದ್ದಿನ ಮೇಲೆ ಕಿರುಚುವುದು ಅವರಿಗೆ ಅಸಹ್ಯ. ಹೊಲಿಗೆ ತಿರುವಿಗೆ ಬಂದು, ಅಣ್ಣ ಪೆಡಲ್ಲಿನಿಂದ ಕಾಲು ತೆಗೆದು, ಸದ್ದು ನಿಂತ ಆ ಗಳಿಗೆಯಲ್ಲಿ ಒಂದು ವಾಕ್ಯ ಹೇಳುತ್ತಿದ್ದರು. ಮತ್ತೆ ಸದ್ದು. ಮುಂದಿನ ತಿರುವಿನಲ್ಲಿ ಅಣ್ಣನ ಉತ್ತರ. ಹೀಗೆ ಒಂದು ಷರ್ಟಿನ ಅವಧಿಯಲ್ಲಿ ಒಂದು ಜಗಳ ಶುರುವಾಗಿ, ಗುಂಡಿ ಹಚ್ಚುವ ಹೊತ್ತಿಗೆ ರಾಜಿಯಾಗಿಬಿಡುತ್ತಿತ್ತು.

ಆಮೇಲೆ ಅತ್ತಿಗೆಗೆ ನರಗಳ ಕಾಯಿಲೆ ಬಂತು. ಡಾಕ್ಟರು ಅದಕ್ಕೊಂದು ಉದ್ದ ಹೆಸರು ಹೇಳಿದರು. ಮನೆಯಲ್ಲಿ ಯಾರೂ ಆ ಹೆಸರನ್ನು ಬಾಯಿಗೆ ತಂದುಕೊಳ್ಳಲಿಲ್ಲ. ಮೊದಲು ಹೋದದ್ದೇ ಮಾತು. ಮೂವರಿರುವ ಮನೆಯಲ್ಲಿ ಮಾತು ಕಳೆದುಕೊಳ್ಳಲು ಆ ಕಾಯಿಲೆಗೆ ಸಿಕ್ಕವರು ಅತ್ತಿಗೆ. ಅಣ್ಣನಿಗೆ ಬಂದಿದ್ದರೆ ಗೊತ್ತಾಗಲು ಕೆಲವು ತಿಂಗಳು ಹಿಡಿಯುತ್ತಿತ್ತು ಎಂದು ಅತ್ತಿಗೆಯ ಅಕ್ಕ ಅಳುತ್ತಲೇ ಹೇಳಿದರು. ಮಾತಿನ ಹಿಂದೆ ಕಾಲು, ಕೈ. ಕೊನೆಗೆ ಬಲಗೈಯ ಒಂದು ಬೆರಳು ಉಳಿಯಿತು.

ಆ ಬೆರಳಿಗಾಗಿ ಚಿಲಕ ಯಂತ್ರವನ್ನು ಕಟ್ಟಿದ. ಮಂಚದ ಪಕ್ಕದ ಸ್ಕ್ರೀನಿನ ಮೇಲೆ ಮಾತುಗಳ ಚೌಕಗಳು. ಒಂದು ಬೆಳಕು ಚೌಕದಿಂದ ಚೌಕಕ್ಕೆ ನಡೆಯುತ್ತಾ ಹೋಗುತ್ತದೆ; ಬೇಕಾದ ಮಾತಿನ ಮೇಲೆ ಬಂದಾಗ ಅತ್ತಿಗೆ ಬೆರಳ ಕೆಳಗಿನ ಗುಂಡಿ ಒತ್ತಬೇಕು. ಚೌಕದಲ್ಲಿಲ್ಲದ ಮಾತನ್ನು ಅಕ್ಷರ ಅಕ್ಷರವಾಗಿ ಕಟ್ಟಬೇಕು. ಮೊದಮೊದಲು ಯಂತ್ರ ವಾರ್ತೆ ಓದುವವರ ಹಾಗೆ ಮಾತಾಡುತ್ತಿತ್ತು: "ದಯವಿಟ್ಟು ನನ್ನ ದಿಂಬನ್ನು ಸರಿಪಡಿಸಿರಿ." ಅತ್ತಿಗೆ ಬೆವರು ಸುರಿಸಿ ಕಟ್ಟಿದ ಮೊದಲ ದೊಡ್ಡ ವಾಕ್ಯವೇ "ನಾನು ಯಾವತ್ತು ಹೀಗೆ ಮಾತಾಡಿದ್ದೆ, ಚಿಲಕ?" ಅಂತ. ಆಫೀಸಿನ ಅಡ್ಡಹೆಸರು ಮನೆಗೆ ಬಂದದ್ದು ಹೇಗೋ, ಅತ್ತಿಗೆ ಅದಕ್ಕೊಂದು ಪ್ರತ್ಯೇಕ ಚೌಕ ಮಾಡಿಸಿಕೊಂಡರು. ಎಲ್ಲ ವಾಕ್ಯದ ಕೊನೆಗೂ ಅದನ್ನು ಒತ್ತುವುದು ಅವರಿಗೊಂದು ಚಟ.

ಇನ್ನೊಂದು ಪೆಟ್ಟಿಗೆಯನ್ನು ಅಂಗಡಿಯಲ್ಲಿ ಮಿಷಿನ್ನಿನ ಮೇಲಿನ ಹಲಗೆಯಲ್ಲಿಟ್ಟ. ಅತ್ತಿಗೆ ಕೋಣೆಯಲ್ಲಿ ಆರಿಸಿದ ಮಾತು ಅಲ್ಲಿ ಧ್ವನಿಯಾಗುತ್ತಿತ್ತು. ಅಂಗಡಿಯ ಮಾತು ಒಳಗೆ ಕೇಳಿಸುವ ವ್ಯವಸ್ಥೆ ಮಾತ್ರ ಬೇಡ ಎಂದು ಅತ್ತಿಗೆಯೇ ಹೇಳಿದರು. ಅಳತೆ ಕೊಡಲು ಬರುವ ಹೆಂಗಸರು ತಮ್ಮ ಮಾತನ್ನು ಗೋಡೆ ಕದ್ದು ಕೇಳುತ್ತದೆ ಅಂದುಕೊಂಡಾರು. ಹಾಗಾಗಿ ಒಳಗಿನ ಕೋಣೆಗೆ ತಲುಪುತ್ತಿದ್ದದ್ದು ಮಿಷಿನ್ನಿನ ಗುಂಯ್‌ಗುಡುವ ಸದ್ದೊಂದೇ. ಅದಕ್ಕೆ ಗೋಡೆ ಅಡ್ಡಿಯಾಗುತ್ತಿರಲಿಲ್ಲ. ಹಳೆಯ ರೂಢಿಯನ್ನು ಅತ್ತಿಗೆ ಬಿಡಲಿಲ್ಲ. "ಮಿಷಿನ್ ಓಡ್ತಿದ್ರೆ ಸುಮ್ನಿರ್ಲಿ. ನಿಂತಾಗ ಹೇಳ್ಲಿ." ಚಿಲಕ ಪೆಟ್ಟಿಗೆಗೆ ಅದನ್ನೂ ಕಲಿಸಿದ. ಹೊಲಿಗೆಯ ಸದ್ದು ಇರುವಷ್ಟು ಹೊತ್ತು ಮಾತುಗಳು ಒಳಗಿನ ಯಂತ್ರದಲ್ಲೇ ಸಾಲಾಗಿ ಕಾಯುತ್ತಿದ್ದವು. ಅಣ್ಣ ಕಾಲು ತೆಗೆದ ಕೂಡಲೇ ಹಲಗೆಯ ಮೇಲಿಂದ ಮಾತು ಬರುತ್ತಿತ್ತು. ಗಿರಾಕಿಗಳು ಮೊದಲು ಬೆಚ್ಚಿದರು, ಆಮೇಲೆ ಹಲಗೆಯ ಕಡೆ ತಿರುಗಿ ವಾದ ಮಾಡಲು ಶುರುಮಾಡಿದರು.

ಸಂಜೆ ಅತ್ತಿಗೆಯ ಕೊನೆಯ ಮಾತು ಯಾವಾಗಲೂ ಒಂದೇ: "ಬನ್ನಿ." ಆಮೇಲೆ 'ಸಾಕು' ಎಂಬ ಚೌಕ. ಅದನ್ನು ಒತ್ತಿದರೆ ಯಂತ್ರ ಮುಚ್ಚಿಕೊಳ್ಳುತ್ತಿತ್ತು, ಅಂಗಡಿಯ ಪೆಟ್ಟಿಗೆಯ ಹಸಿರು ದೀಪ ಆರುತ್ತಿತ್ತು. ಅಣ್ಣ ಕೈಲಿದ್ದ ಹೊಲಿಗೆ ಮುಗಿಸಿ ಒಳಗೆ ಹೋಗಿ, ಮಂಚದ ಅಂಚಿಗೆ ಕೂತು, ಅಂಗಿಗೆ ಅಂಟಿದ ದಾರದ ಚೂರುಗಳನ್ನು ಒಂದೊಂದಾಗಿ ಕೀಳುತ್ತಾ ಅತ್ತಿಗೆಗೆ ನಿದ್ದೆ ಬರುವವರೆಗೆ ಇರುತ್ತಿದ್ದ. ಏನೂ ಮಾತಾಡುತ್ತಿರಲಿಲ್ಲ. ಅದು ಅವನ ಮಾತಾಡುವ ರೀತಿ.

ಒಂದು ತೊಂದರೆಯಿತ್ತು. ಅಣ್ಣನ ಹೊಲಿಗೆ ಉದ್ದದ್ದಾದರೆ ಮಾತುಗಳು ಕಾಯುತ್ತಿದ್ದವು. ಅವೆಲ್ಲ ಮುಗಿಯುವವರೆಗೆ, 'ಸಾಕು' ಒತ್ತಿದ ಮೇಲೂ, ಸ್ಕ್ರೀನು ಉರಿಯುತ್ತಲೇ ಇರುತ್ತಿತ್ತು. ಅತ್ತಿಗೆ ಒಂದು ದಿನ ಹೇಳಿದರು: "ಸಾಕು ಅಂದ್ರೂ ಕಣ್ಣು ಬಿಟ್ಕೊಂಡು ನನ್ನನ್ನೇ ನೋಡುತ್ತೆ. ಬೆಳಕು ಚುಚ್ಚುತ್ತೆ, ಚಿಲಕ." ಕತ್ತು ತಿರುಗಿಸಲು ಆಗದವರಿಗೆ ಅದು ಸಣ್ಣ ಮಾತಲ್ಲ. ಆ ಭಾನುವಾರವೇ ಅವನು ಕೂತು ಬದಲಾಯಿಸಿದ. ಇನ್ನು ಕಾಯುವುದು ಬೇಡ. ಮುಚ್ಚು ಎಂದು ಹೇಳಿ ತಕ್ಷಣ ಬೆಳಕು ಆರಿಸುವುದು, ಉಳಿದದ್ದು ಹಿಂದುಗಡೆ ತಾನಾಗಿ ನಡೆಯುತ್ತದೆ. ಪರೀಕ್ಷಿಸಿಯೂ ನೋಡಿದ. ಸೊಗಸಾಗಿತ್ತು. ಅತ್ತಿಗೆ "ಶಹಭಾಸ್" ಅಂದರು.

ಆಮೇಲೆ ಶಾಲೆಯ ಯೂನಿಫಾರ್ಮುಗಳ ಕಾಲ ಬಂತು. ಅಂಗಡಿಯಲ್ಲಿ ನೀಲಿ ಚಡ್ಡಿಗಳ ಗುಡ್ಡ. ಸಂಜೆಯೆಲ್ಲ ಮಿಷಿನ್ ಓಡಿತು. ಆ ಕಾಲ ಮುಗಿದರೂ ಮನೆಯಲ್ಲಿ ಏನೋ ಸರಿಹೋಗಲಿಲ್ಲ. ಅತ್ತಿಗೆಯ ಮಾತು ಕಡಿಮೆಯಾಯಿತು. ಅಂಗಡಿಗೆ ಏನನ್ನೂ ಹೇಳಿ ಕಳಿಸುತ್ತಿರಲಿಲ್ಲ, ಚಿಲಕನ ಚೌಕ ಒತ್ತುತ್ತಿರಲಿಲ್ಲ. ಬೆಳಗ್ಗೆ ಅಣ್ಣ ಮುಖ ಒರೆಸಿ ತಿಂಡಿ ತಿನ್ನಿಸುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಕಾಯಿಲೆ ಜಾಸ್ತಿಯಾಗಿದೆ ಎಂದು ಅಣ್ಣತಮ್ಮಂದಿರು ಒಬ್ಬರಿಗೊಬ್ಬರು ಹೇಳದೆ ಒಪ್ಪಿಕೊಂಡರು.

ಒಂದು ಶುಕ್ರವಾರ ಅತ್ತಿಗೆ ಇಬ್ಬರನ್ನೂ ನಿಲ್ಲಿಸಿಕೊಂಡು ಹೇಳಿದರು: "ಭಾನುವಾರ ಅಕ್ಕನ ಮನೆಗೆ ಹೋಗ್ತೀನಿ. ಅಲ್ಲೇ ಇರ್ತೀನಿ."

"ಎಷ್ಟು ದಿನಕ್ಕೆ?" ಅಂದ ಅಣ್ಣ.

ಬೆಳಕು ಚೌಕಗಳ ಮೇಲೆ ಒಂದು ಸುತ್ತು ನಡೆದು ಬಂತು. "ಅಲ್ಲೇ."

ಅಣ್ಣ "ಆಯ್ತು," ಅಂದ. ಅಂಗಡಿಗೆ ಹೋದ. ಮಿಷಿನ್ ಶುರುವಾಯಿತು.

ಚಿಲಕ ಹಿಂದೆಯೇ ಹೋದ. "ಏನು ಆಯ್ತು? ಏನ್ ನೀನು, ಅವರೇನು ಷರ್ಟಿಗೆ ಕಾಜಾ ಹಾಕೋಕೆ ಕೊಟ್ರಾ?"

"ಹೋಗ್ತೀನಿ ಅಂದ್ರೆ ಕಟ್ಟಿಹಾಕ್ಲಾ?" ಅಣ್ಣ ಬಟ್ಟೆಯಿಂದ ಕಣ್ಣು ತೆಗೆಯಲಿಲ್ಲ. "ಅವಳಿಗೆ ನಾನು ಬೇಡವಾಗಿ ಬಹಳ ದಿನ ಆಯ್ತು. ಕರೆಯೋದೇ ಬಿಟ್ಟಳು. ನಾನು ನೋಡ್ತಾ ಇರ್ತೀನಿ, ದೀಪ ಆರಿಸಿ ಮಲಗಿಬಿಡ್ತಾಳೆ."

ಚಿಲಕನಿಗೆ ಅರ್ಥವಾಗಲಿಲ್ಲ. ಅರ್ಥವಾದದ್ದು ಇಷ್ಟೇ: ಅತ್ತಿಗೆ ಹೋದರೆ ಈ ಮನೆಯಲ್ಲಿ ಉಳಿಯುವವರು ಒಬ್ಬ ಆಯ್ತು ಎನ್ನುವವನು, ಇನ್ನೊಬ್ಬ ಮೆಟ್ಟಿಲು ಹತ್ತುವವನು. ಹೇಗಾದರೂ ಮಾಡಿ ಭಾನುವಾರವನ್ನು ತಡೆಯಬೇಕು. ಹೇಗೆ ಅಂತ ಮಾತ್ರ ಅವನಿಗೆ ಹೊಳೆಯಲಿಲ್ಲ.

ಹೊಳೆದದ್ದು ಶನಿವಾರ ಮಧ್ಯಾಹ್ನ, ಹುಡುಕದೆ ಇದ್ದಾಗ. ಅತ್ತಿಗೆ ಮಲಗಿದ್ದರು. ಅಕ್ಕನ ಮನೆಗೆ ತಕ್ಕಂತೆ ಯಂತ್ರವನ್ನು ಸಿದ್ಧಮಾಡಲು ಚಿಲಕ ಅದನ್ನು ಅಂಗಡಿಯ ಮೂಲೆಗೆ ತಂದು ಕೂತಿದ್ದ. ಪಕ್ಕದಲ್ಲೇ ಅಣ್ಣ ಪರದೆಯೊಂದಕ್ಕೆ ಉದ್ದ ಅಂಚು ಹೊಲಿಯುತ್ತಿದ್ದ. ಯಂತ್ರ ನೆಟ್ಟಗಿದೆಯೋ ನೋಡಲು ಚಿಲಕ "ನೀರು ಬೇಕು" ಒತ್ತಿ, 'ಸಾಕು' ಒತ್ತಿದ. ಸ್ಕ್ರೀನು ಕಪ್ಪಾಯಿತು. ಹಲಗೆಯ ಮೇಲಿನ ಹಸಿರು ದೀಪ ಆರಿತು. ಅಂಚು ಮುಗಿಸಿ ಅಣ್ಣ ಕಾಲು ತೆಗೆದ. ಹಲಗೆ ಮಾತಾಡಲಿಲ್ಲ.

ಸ್ಪೀಕರಿನ ವೈರು ಸಡಿಲವಾಗಿರಬೇಕು ಎಂದು ಎದ್ದು ಅದುಮಿದ. ಮತ್ತೆ ಒತ್ತಿದ. ಮಿಷಿನ್ ಓಡುತ್ತಿತ್ತು, ನಿಂತಿತು. ಮೌನ. ಮಿಷಿನ್ ಓಡದಿದ್ದಾಗ ಒತ್ತಿದರೆ ನೀರು ಬೇಕು ಎಂದು ಪೆಟ್ಟಿಗೆ ಖಣಖಣ ಹೇಳುತ್ತಿತ್ತು. ಚಿಲಕ ಲ್ಯಾಪ್‌ಟಾಪ್ ತೆರೆದು ತಾನೇ ಬರೆದ ಪ್ರೋಗ್ರಾಮಿನ ಕೊನೆಗೆ ಹೋದ.

ಒಂದು ಸಾಲಿನಲ್ಲಿ, ಮುಚ್ಚು ಎಂದು ಸಂಪರ್ಕಕ್ಕೆ ಹೇಳಿದ್ದ. ಅದು ಹ್ಞೂಂ ಎಂದಿತ್ತು. ಅದರ ಕೆಳಗಿನ ಸಾಲಿನಲ್ಲೇ ಇಡೀ ಪ್ರೋಗ್ರಾಮನ್ನು ನಿಲ್ಲಿಸಿಬಿಟ್ಟಿದ್ದ. ಕಾಯುತ್ತಿದ್ದ ಮಾತುಗಳು ಕಾಯುತ್ತಿದ್ದ ಹಾಗೇ ಅಳಿಸಿಹೋಗಿದ್ದವು. ಎಲ್ಲ ತಲುಪಿದ ಮೇಲೆ ಕರೆಯುತ್ತೇನೆ ಎಂದು ಲೈಬ್ರರಿ ಹೇಳುತ್ತದಲ್ಲ, ಆ ಕರೆಗೆ ಇವನು ಯಾರನ್ನೂ ನೇಮಿಸಿರಲಿಲ್ಲ. ಅವತ್ತು ಪರೀಕ್ಷೆ ಮಾಡಿದ್ದು ಭಾನುವಾರ, ಮಿಷಿನ್ ನಿಂತಿದ್ದಾಗ. ಕಾಯುವ ಮಾತೇ ಇರಲಿಲ್ಲ. ಹೊಸಬರು ಯಾರಾದರೂ ಇದನ್ನು ಬರೆದಿದ್ದರೆ ಅವನು ಮಧ್ಯಾಹ್ನವಿಡೀ ಅವರ ಮೇಜಿನ ಪಕ್ಕ ನಿಲ್ಲುತ್ತಿದ್ದ.

"ಅಣ್ಣ," ಅಂದ. "ಅತ್ತಿಗೆ ಸಂಜೆ ಹೊತ್ತು ಕರೆಯೋದು ಬಿಟ್ಟರು ಅಂದ್ಯಲ್ಲ. ಯಾವಾಗಿಂದ?"

"ಯೂನಿಫಾರ್ಮ್ ಬಂದಾಗಿಂದ."

"ಬಿಟ್ಟಿರ್ಲಿಲ್ಲ ಅನ್ಸುತ್ತೆ." ಚಿಲಕ ತಾನು ಮಾಡಿದ್ದನ್ನು ಹೇಳಿದ. ಅಣ್ಣನಿಗೆ ಸಂಪರ್ಕ, ಸಂದೇಶ ಎಂದರೆ ತಲೆಗೆ ಹೋಗುವುದಿಲ್ಲ ಎಂದು ಎರಡು ಮೂರು ರೀತಿಯಲ್ಲಿ ತಿರುಗಿಸಿ ತಿರುಗಿಸಿ ಹೇಳಿದ.

ಅಣ್ಣ ಟೇಪನ್ನು ಕುತ್ತಿಗೆಯಿಂದ ತೆಗೆದು ಮೇಜಿನ ಮೇಲಿಟ್ಟ. "ಅಂದ್ರೆ, ಗಂಟು ಬೀಳೋಕೆ ಮುಂಚೆ ದಾರ ಕತ್ತರಿಸಿದ್ದೀಯ."

"ಹ್ಞೂಂ."

"ಅವಳು ಕರೆದಿದ್ದಾಳೆ."

"ಏನು ಹೇಳಿದ್ರೋ ನನಗೆ ಗೊತ್ತಿಲ್ಲ. ಅದು ಎಲ್ಲೂ ಉಳಿದಿಲ್ಲ. ಹೇಳಿದ್ದರೆ ನಿನಗೆ ತಲುಪಿಲ್ಲ, ಅಷ್ಟು ಮಾತ್ರ ಗೊತ್ತು."

ಅಣ್ಣ ಏನಾದರೂ ಎತ್ತಿ ಎಸೆದಿದ್ದರೆ ಚಿಲಕನಿಗೆ ಸುಖವಾಗುತ್ತಿತ್ತು. ಮೇಜಿನ ಮೇಲೆ ಎಸೆಯಲು ಅನುಕೂಲವಾದ ವಸ್ತುಗಳೇ ಇದ್ದವು. ಅಣ್ಣ ಎದ್ದು, ಬೀದಿಯ ಬಾಗಿಲನ್ನು ಅರ್ಧ ಎಳೆದು, "ಬಾ," ಅಂದ.

ಅತ್ತಿಗೆ ಎಚ್ಚರವಾಗಿದ್ದರು. ಚಿಲಕ ಯಂತ್ರವನ್ನು ಮತ್ತೆ ಮಂಚದ ಪಕ್ಕದಲ್ಲಿಟ್ಟು, ಬೆರಳ ಕೆಳಗೆ ಗುಂಡಿ ಕೂರಿಸಿ, ನಿಂತುಕೊಂಡೇ ಎಲ್ಲ ಹೇಳಿದ. ತನ್ನ ಕೆಲಸವೇ ಇದು, ತಾನೇ ಇದನ್ನು ಊರಿಗೆಲ್ಲ ಪಾಠ ಹೇಳುವವನು ಎಂಬುದನ್ನೂ ಬಿಡಲಿಲ್ಲ. ಅತ್ತಿಗೆಯ ಕಣ್ಣು ಅವನ ಮುಖದಿಂದ ಸ್ಕ್ರೀನಿಗೆ ಹೋಯಿತು. ಬೆಳಕು ನಡೆಯತೊಡಗಿತು.

"ಯಾವಾಗಿಂದ."

"ಬೆಳಕು ಚುಚ್ಚುತ್ತೆ ಅಂದ್ರಲ್ಲ ಅತ್ತಿಗೆ, ಆ ಭಾನುವಾರದಿಂದ."

ಬೆಳಕು ಮತ್ತೆ ನಡೆಯಿತು. ಈ ಸಲ ಬಹಳ ಹೊತ್ತು ಹಿಡಿಯಿತು. ಕಾಯುವಾಗ ಅಣ್ಣ ಗೋಡೆಯ ಕಡೆ ನೋಡುತ್ತಿದ್ದ.

"ಮಿಷಿನ್ ನಿಲ್ತಿತ್ತು."

"ಏನು?" ಅಂದ ಚಿಲಕ.

"ನಾನು ಬನ್ನಿ ಅಂದ್ಮೇಲೆ ಮಿಷಿನ್ ನಿಲ್ತಿತ್ತು. ಕೇಳಿಸ್ಕೊಂಡ್ರು ಅಂದ್ಕೋತಿದ್ದೆ. ಆಮೇಲೆ ಮತ್ತೆ ಓಡ್ತಿತ್ತು."

ಚಿಲಕ ಅಣ್ಣನ ಮುಖ ನೋಡಲಾರದೆ ಸ್ಕ್ರೀನನ್ನೇ ನೋಡಿದ. ಆ ಸಂಜೆಗಳು ಕಣ್ಣಿಗೆ ಕಟ್ಟಿದವು: ಕತ್ತಲೆ ಕೋಣೆಯಲ್ಲಿ ಒಬ್ಬರು ಮಲಗಿದ್ದಾರೆ. ಗೋಡೆಯಾಚೆ ಸದ್ದು ನಿಲ್ಲುತ್ತದೆ. ಈಗ ಏಳುತ್ತಾನೆ, ಈಗ ಓಣಿಗೆ ಬಂದ. ಸದ್ದು ಮತ್ತೆ ಶುರುವಾಗುತ್ತದೆ.

"ಬಾಬಿನ್," ಅಂದ ಅಣ್ಣ. "ಬಾಬಿನ್ ಖಾಲಿಯಾಗಿರುತ್ತೆ ಕಣೇ. ದಾರ ಬದಲಾಯಿಸ್ತಿದ್ದೆ. ಏನೂ ಕೇಳಿಸಿಲ್ಲ ನನಗೆ. ದೀಪ ಆರಿತು, ಮಲಗಿದಳು ಅಂದ್ಕೊಂಡೆ. ಎಬ್ಬಿಸೋದು ಬೇಡ ಅಂತ ಚಪ್ಪಲಿ ಬಿಟ್ಟು ಓಣಿ ದಾಟ್ತಿದ್ದೆ. ಓಣಿ ದೀಪಾನೂ ಹಾಕ್ತಿರ್ಲಿಲ್ಲ."

"ಬೆಳಗ್ಗೆ ಕೇಳಿದೆ."

"ಏನು ಕೇಳಿದೆ?"

"ನಿನ್ನೆ ಹೇಳಿದ್ದು ಕೇಳಿಸ್ತಾ ಅಂತ. ಕೇಳಿಸ್ತು, ಆಯ್ತು ಅಂದ್ರಿ."

ಅಣ್ಣ ಮಂಚದ ಅಂಚಿಗೆ ಕೂತ. ಯಾವ ಬೆಳಗ್ಗೆ, ಯಾವ ಆಯ್ತು ಎಂದು ಅವನಿಗೆ ನೆನಪಿರುವ ಸಂಭವವೇ ಇರಲಿಲ್ಲ. ಅಂಥ ಆಯ್ತುಗಳನ್ನು ಅವನು ಜೀವಮಾನವಿಡೀ ಹಂಚುತ್ತಾ ಬಂದಿದ್ದ; ಅವುಗಳ ಬೆನ್ನಿಗೆ ನಿಂತು ಅರ್ಥ ಹೇಳಬೇಕಾದವರು ಈಗ ಮಲಗಿದ್ದರು.

"ಹೇಳಿರ್ಬೇಕು," ಅಂದ. "ಹಗಲು ನೀನು ಹೇಳಿದ್ದೆಲ್ಲ ಕೇಳಿಸ್ತಿತ್ತಲ್ಲ. ಅದನ್ನೇ ಅಂದ್ಕೊಂಡು ಹೇಳಿರ್ಬೇಕು." ಅಂಗಿಯ ಮೇಲಿನ ದಾರದ ಚೂರೊಂದನ್ನು ಕಿತ್ತು, "ಏನೂ ಅಂದ್ಕೊಳ್ಳದೇನೂ ಹೇಳಿರ್ಬಹುದು," ಅಂದ.

ಹೊರಗೆ ಯಾರೋ ಅರ್ಧ ಎಳೆದ ಬಾಗಿಲನ್ನು ತಟ್ಟಿ, "ಟೈಲರ್ ಅವ್ರೇ, ನನ್ನ ಪ್ಯಾಂಟು?" ಎಂದು ಕೂಗಿದರು. ಯಾರೂ ಆಯ್ತು ಅನ್ನಲಿಲ್ಲ. ತಟ್ಟಿದವರು ಗೊಣಗುತ್ತಾ ಹೋದರು.

"ಯಾರ ತಪ್ಪೂ ಅಲ್ಲ," ಎಂದು ಯಂತ್ರ ಹೇಳಿತು. ಬೆಳಕು ಇನ್ನೊಂದು ಸುತ್ತು ಬಂದು, ಬಹಳ ದಿನದಿಂದ ಯಾರೂ ಒತ್ತದ ಚೌಕದ ಮೇಲೆ ನಿಂತಿತು. "ಚಿಲಕ."

ಅದು ಬೈಗುಳವೋ ಕ್ಷಮೆಯೋ ಹಳೆಯ ಚಟವೋ ಅವನಿಗೆ ತಿಳಿಯಲಿಲ್ಲ. ಮೂರೂ ಇರಬಹುದು. ಅವನ ಮನಸ್ಸು ಆಗಲೇ ಮುಂದೆ ಓಡಿತ್ತು: ಅಕ್ಕನಿಗೆ ಫೋನು ಮಾಡಿ ನಾಳೆ ಬರಬೇಡಿ ಎನ್ನಬೇಕು, ಗಾಡಿ ಬೇಡ ಎನ್ನಬೇಕು. ಅದೇ ಯೋಚನೆ ಅಣ್ಣನ ಬಾಯಿಂದ ಬಂತು.

"ಹಾಗಾದ್ರೆ ಹೋಗೋದೇನೂ ಬೇಡ ಅಲ್ವಾ. ಇದ್ಬಿಡು. ಇನ್ಮೇಲೆ ನೀನು ಕರೆಯೋದೇ ಬೇಡ, ನಾನೇ ಬರ್ತೀನಿ. ಸಂಜೆ ಮಿಷಿನ್ನೇ ಹಾಕಲ್ಲ."

ಅತ್ತಿಗೆ ಕಣ್ಣು ಮುಚ್ಚಿಕೊಂಡರು. ಮುಚ್ಚಿದ ರೆಪ್ಪೆಯ ಅಂಚಿನಿಂದ ನೀರು ಇಳಿದು ಕಿವಿಯ ಕಡೆ ಹೋಯಿತು. ಮಲಗಿದವರ ಕಣ್ಣೀರು ಕೆನ್ನೆಗೆ ಬರುವುದಿಲ್ಲ. ಅಣ್ಣ ತನ್ನ ಅಂಗಿಯ ತುದಿಯಿಂದ ಅದನ್ನು ಒರೆಸಿದ. ಆಮೇಲೆ ಅವರು ಕಣ್ಣು ತೆರೆದು, ಅಕ್ಷರ ಅಕ್ಷರವಾಗಿ, ನಡುವೆ ನಿಂತು, ದಣಿದು, ಮತ್ತೆ ಶುರುಮಾಡಿ ಹೇಳಿದ್ದಿಷ್ಟು:

"ನಂಬ್ತೀನಿ. ಆದ್ರೆ ನಿಮ್ಮನ್ನ ಕಾಯದೆ ಇರೋದು ಕಲಿತುಬಿಟ್ಟೆ. ಕಷ್ಟಪಟ್ಟು ಕಲಿತೆ. ಈಗ ಬಿಡು ಅಂದ್ರೆ ಬಿಡೋಕೆ ಬರಲ್ಲ. ಮಿಷಿನ್ ಸದ್ದು ಕೇಳಿಸದೆ ಇರೋ ಕಡೆ ಇರ್ಬೇಕು."

ಅಣ್ಣ ಅವತ್ತು ರಾತ್ರಿ ಊಟ ಮಾಡಿದನೋ ಇಲ್ಲವೋ ಚಿಲಕನಿಗೆ ಗೊತ್ತಿಲ್ಲ. ಅವನು ಮಹಡಿಯ ಮೇಲೆ ಕೂತು ಆ ಎರಡು ಸಾಲುಗಳನ್ನು ಸರಿಪಡಿಸಿದ. ಬೆಳಕು ಆರಿದರೂ ಪ್ರೋಗ್ರಾಂ ನಿಲ್ಲದೆ, ಕೊನೆಯ ಮಾತು ಮುಟ್ಟಿ, ಆಯ್ತು ಎಂಬ ಕರೆ ಬಂದ ಮೇಲೆ ಮಾತ್ರ ಏಳುವ ಹಾಗೆ. ಕಾಲು ಗಂಟೆಯ ಕೆಲಸವೂ ಅಲ್ಲ. ಅದು ಅಷ್ಟು ಸುಲಭವಾಗಿತ್ತು ಎಂಬುದೇ ಅವನನ್ನು ಬಹಳ ಹೊತ್ತು ಅಲ್ಲೇ ಕೂರಿಸಿತು.

ಭಾನುವಾರ ಬೆಳಗ್ಗೆ ಅತ್ತಿಗೆಯ ಅಕ್ಕ ಗಾಡಿ ತಂದರು. ಅವರು ಶಾಲೆಯ ಮೇಷ್ಟ್ರಮ್ಮನಾಗಿ ನಿವೃತ್ತರಾದವರು. ಶಾಲೆ ಅವರಿಂದ ಇನ್ನೂ ನಿವೃತ್ತವಾಗಿರಲಿಲ್ಲ.

"ಯಾಕೆ ಇಬ್ಬರೂ ಫೇಲಾದವರ ಹಾಗೆ ಮುಖ ಮಾಡ್ಕೊಂಡಿದ್ದೀರಿ?" ಅಂದರು. ಚಿಲಕ ಹೊಸ್ತಿಲಲ್ಲೇ ನಿಲ್ಲಿಸಿ ನಡೆದದ್ದನ್ನು ಹೇಳಿದ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಅಂದ್ರೆ ಇದು ನಿನ್ನ ಕೆಲಸ."

"ಹೌದಕ್ಕ."

"ಒಪ್ಕೊಂಡೆಯಲ್ಲ, ಒಳ್ಳೇದು. ಒಪ್ಕೊಂಡ್ರೆ ಶಿಕ್ಷೆ ಕಡಿಮೆ ಅಂತ ನನ್ನ ಕ್ಲಾಸಲ್ಲಿ ನಿಯಮ ಇರ್ಲಿಲ್ಲ." ಆಮೇಲೆ ದನಿ ಇಳಿಸಿ, "ಅವಳಿಗೆ ನಾನು ಹೇಳ್ಲಾ, ಇರು ಅಂತ?" ಅಂದರು.

"ಹೇಳಿ ಅಕ್ಕ."

ಅವರು ಒಳಗೆ ಹೋಗಿ, ತಂಗಿಯ ಮುಖ ನೋಡಿ, ಏನೂ ಹೇಳದೆ ಬಟ್ಟೆ ಮಡಚಲು ಶುರುಮಾಡಿದರು.

ದಾರಿಯಲ್ಲಿ ಕತ್ತು ಅಲ್ಲಾಡಬಾರದೆಂದು ಅಣ್ಣ ಒಂದು ಸಣ್ಣ ದಿಂಬು ಹೊಲಿದಿದ್ದ. ಮಿಷಿನ್ ಹಾಕಿರಲಿಲ್ಲ. ಕೈಹೊಲಿಗೆ, ಒಂದೊಂದು ಹೊಲಿಗೆಯೂ ಒಂದೇ ಅಳತೆ. ಅದನ್ನು ಅತ್ತಿಗೆಯ ಕತ್ತಿನ ಕೆಳಗೆ ಇಟ್ಟು, ಈ ಕಡೆ ಆ ಕಡೆ ಸರಿಮಾಡಿ, ಸರಿಯಾದ ಮೇಲೂ ಇನ್ನೊಮ್ಮೆ ಸರಿಮಾಡಿ, "ಮುಂದಿನ ಭಾನುವಾರ ನಾನು ಬರ್ಲಾ?" ಎಂದು ಕೇಳಿದ.

ಬೆಳಕು 'ಹೌದು' ಎಂಬ ಚೌಕಕ್ಕೆ ಬಂತು. ಬೆರಳು ಅಲುಗಲಿಲ್ಲ. 'ಬೇಡ'ಕ್ಕೆ ಬಂತು. ಅಲ್ಲೂ ಅಲುಗಲಿಲ್ಲ. ಬೆಳಕು ನೀರು, ದಿಂಬು, ನೋವು, ಸಾಕು ಎಲ್ಲ ದಾಟಿ ಮತ್ತೆ ಹೌದಿಗೆ ಬಂದು, ಅದನ್ನೂ ಬಿಟ್ಟು ಹೋಯಿತು.

"ಬ್ಯಾಟರಿ ಹೋಯ್ತಾ?" ಅಂದರು ಅಕ್ಕ.

"ಇಲ್ಲ. ಯೋಚನೆ ಮಾಡ್ತಿದ್ದಾರೆ," ಅಂದ ಚಿಲಕ.

ಅತ್ತಿಗೆ ಅಕ್ಷರಗಳ ಸಾಲಿಗೆ ಹೋದರು. 'ಗೊ' ಬಂತು. ಬಹಳ ಹೊತ್ತಿನ ಮೇಲೆ 'ತ್ತಿ'. ಚಿಲಕನಿಗೆ ಆಗ ತಿಳಿಯಿತು, ಇಷ್ಟು ಚೌಕಗಳಲ್ಲಿ ಆ ಮಾತಿಗೆ ತಾನು ಒಂದು ಚೌಕವನ್ನೂ ಕೊಟ್ಟಿರಲಿಲ್ಲ. ಕಾಯಿಲೆಯವರಿಗೆ ಬೇಕಾಗುವುದು ಹೌದು, ಇಲ್ಲ, ಬೇಕು, ಬೇಡ ಎಂದುಕೊಂಡಿದ್ದ. ಅಕ್ಕ ಉಳಿದದ್ದನ್ನು ತಾವೇ ಹೇಳಿ ಮುಗಿಸಲು ಬಾಯಿ ತೆರೆದರು. ಅಣ್ಣ ಕೈ ಅಡ್ಡ ಹಿಡಿದ. ಹೊರಗೆ ಡ್ರೈವರ್ ಹಾರ್ನ್ ಮಾಡಿದ. ಯಾರೂ ಕದಲಲಿಲ್ಲ. ಕೊನೆಯ ಅಕ್ಷರ ಕೂ‌ಡಿಕೊಂಡು ಯಂತ್ರ ಹೇಳಿತು:

"ಗೊತ್ತಿಲ್ಲ."

ಅಣ್ಣನ ತುಟಿಯವರೆಗೆ ಆಯ್ತು ಬಂದದ್ದನ್ನು ಚಿಲಕ ಕಂಡ. ಅದು ಅಲ್ಲೇ ನಿಂತಿತು. ಅಣ್ಣ ತಲೆಯಾಡಿಸಿದ, ಬಗ್ಗಿದ, ಎರಡೂ ತೋಳುಗಳಲ್ಲಿ ಹೆಂಡತಿಯನ್ನು ಎತ್ತಿಕೊಂಡ. ಹಾಕಿದ ಬಲ ಹೆಚ್ಚಾಗಿ ಒಂದು ಹೆಜ್ಜೆ ಹಿಂದೆ ತೂರಾಡಿದ. ಅವರು ಇಷ್ಟು ಹಗುರವಾಗಿರುವುದು ಅವನ ಲೆಕ್ಕದಲ್ಲಿರಲಿಲ್ಲ. ಓಣಿ ದಾಟಿ, ಕತ್ತರಿಸುವ ಮೇಜು ದಾಟಿ, ಅಂಗಡಿಯ ನಡುವೆ ನಡೆದ. ಅತ್ತಿಗೆ ಹಲಗೆಯನ್ನಾಗಲಿ ಮಿಷಿನ್ನನ್ನಾಗಲಿ ನೋಡಿದರೋ ಏನೋ. ಅವರ ಮುಖ ಅಣ್ಣನ ಭುಜದ ಕಡೆಗಿತ್ತು.

ಯಂತ್ರವನ್ನು ಹಿಡಿದು ಚಿಲಕ ಹಿಂದೆ ಬಂದ. ಬೆರಳಿಲ್ಲದ ಸ್ಕ್ರೀನಿನ ಮೇಲೆ ಬೆಳಕು ಮಾತಿನಿಂದ ಮಾತಿಗೆ ಸುಮ್ಮನೆ ನಡೆಯುತ್ತಿತ್ತು.

"ಅದನ್ನ ಆರಿಸಬಾರದೇನೋ, ದಂಡ," ಅಂದರು ಅಕ್ಕ, ಗಾಡಿಯೊಳಗಿಂದ.

"ಬೇಡ ಅಕ್ಕ. ದಾರೀಲಿ ಏನಾದ್ರೂ ಹೇಳ್ಬಹುದು." ಅತ್ತಿಗೆಯ ಮಡಿಲಲ್ಲಿ ಅದನ್ನಿಟ್ಟು, ಬೆರಳನ್ನು ಗುಂಡಿಯ ಮೇಲೆ ಕೂರಿಸಿ, ಅವನು ಕೆಳಗಿಳಿದ. ಅಣ್ಣ ಬಾಗಿಲನ್ನು ತಳ್ಳಿದ್ದು ಎಷ್ಟು ಮೆಲ್ಲಗೆಂದರೆ ಅದು ಸರಿಯಾಗಿ ಬೀಳಲಿಲ್ಲ. ಡ್ರೈವರ್ ಇಳಿದು ಬಂದು ಗಟ್ಟಿಯಾಗಿ ಹಾಕಬೇಕಾಯಿತು.

ಗಾಡಿ ಹೋದ ಮೇಲೆ ಪ್ಯಾಂಟಿನವನು ಮತ್ತೆ ಬಂದ. "ಟೈಲರ್ ಅವ್ರೇ, ಇವತ್ತಾದ್ರೂ ಆಗುತ್ತಾ?"

ಅಣ್ಣ ಅವನ ಮುಖವನ್ನು ಮೊದಲ ಸಲ ನೋಡುವವನ ಹಾಗೆ ನೋಡಿದ. "ಇಲ್ಲ," ಅಂದ. "ಆಗಲ್ಲ."